ತಿರುಗಿಸದೆ ಎಳೆದ ಗೆರೆ

ಯಾಸುತಾರೋ ತೀರಿಹೋದ ಮೇಲೆ ಅವರ ಸೈಕಲ್ಲು ಆರು ತಿಂಗಳಿಂದ ತಲೆಬಾಗಿಲ ಒಳಗಿನ ಮಣ್ಣುನೆಲದಲ್ಲಿ ಗೋಡೆಗೊರಗಿ ನಿಂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಮಗಳು ಚಿಜುರು ಚಪ್ಪಲಿ ಬಿಡುವಾಗಲೂ ಅದರಿಂದ ಒಂದು ಮೊಳ ದೂರವೇ ಬಿಡುತ್ತಿದ್ದಳು. ಆದರೂ ಸಂಜೆ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದರೆ ಆ ಕಡೆಯಿಂದ ಟಿಕ್, ಟಿಕ್, ಟಿಕ್ ಎಂದು ಹಿಂದಿನ ಚಕ್ರ ತಿರುಗಿದ ಸದ್ದು ಕೇಳುತ್ತಿತ್ತು. ಕಾರ್ಖಾನೆಯಿಂದ ಬಂದು ಅಪ್ಪ ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಬರುವಾಗಿನ ಸದ್ದು. ನಲ್ಲಿ ನಿಲ್ಲಿಸಿ ಕಿವಿಗೊಟ್ಟರೆ ಏನೂ ಇರುತ್ತಿರಲಿಲ್ಲ.

ಆಗಸ್ಟ್ ಹದಿಮೂರು ಬಂತು. ಸತ್ತವರು ಮನೆಗೆ ಬರುವ ಒಬೊನ್ ಹಬ್ಬ, ಅಪ್ಪನಿಗೆ ಮೊದಲನೆಯದು. ಬೆಳಿಗ್ಗೆಯೇ ಅಮ್ಮ ತೊಕಿಕೊ ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡಿದಳು, ಬದನೆಕಾಯಿಗೆ ಚುಚ್ಚಿ ಹಸು ಮಾಡಿದಳು. ಬರುವಾಗ ಬೇಗ ಬರಲೆಂದು ಕುದುರೆ, ಹೋಗುವಾಗ ನಿಧಾನವಾಗಿ ಹೋಗಲೆಂದು ಹಸು. ಕುದುರೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಸಣ್ಣಗೆ ನಕ್ಕಳು.

"ನಿಮ್ಮಪ್ಪ ಹುಟ್ಟಿದಾಗಿಂದ ಕುದುರೆ ಹತ್ತಿದೋರಲ್ಲ ಕಣೇ. ದಾರೀಲಿ ಬಿದ್ದುಗಿದ್ದಾರು. ಆ ಸೈಕಲ್ಲನ್ನೇ ಸರಿಮಾಡಿಡು. ಗೇರು ನೀನೇ ತಾನೆ ನೋಡ್ತಿದ್ದಿದ್ದು?"

ಬಿದ್ದಾರು ಎಂಬ ಮಾತು ಕೇಳಿ ಚಿಜುರು ಸೈಕಲ್ಲಿನ ಕಡೆ ತಿರುಗಿ ನೋಡಿದಳು.

ಹೌದು, ಕೊನೆಯ ಸಲ ಗೇರು ನೋಡಿದ್ದು ಅವಳೇ. ಫೆಬ್ರುವರಿಯ ಒಂದು ಭಾನುವಾರ. ಅಪ್ಪನ ಬೆರಳ ಗಂಟುಗಳು ಬಾತು ಸಣ್ಣ ಸ್ಕ್ರೂ ತಿರುಗಿಸಲು ಆಗುತ್ತಿರಲಿಲ್ಲ. ಚೈನು ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಹತ್ತುತ್ತಿಲ್ಲ ಎಂದು ಗೊಣಗಿಕೊಂಡು ಅವರು ಸ್ನಾನಕ್ಕೆ ಹೋಗಿದ್ದರು. ಗೇರಿನ ತಂತಿಯನ್ನು ಒಂದಿಷ್ಟು ಬಿಗಿಮಾಡಿದ್ದರೆ ಸಾಕಿತ್ತು. ಅವಳು ಮಾತ್ರ, ಚೈನು ಚಕ್ರದ ಕಡ್ಡಿಗಳೊಳಗೆ ಬೀಳದಂತೆ ತಡೆಯುವ ಸ್ಕ್ರೂವನ್ನೇ ಸಡಿಲಿಸಿದಳು. ಚೈನು ಹತ್ತಿತು. ಗೆದ್ದೆ ಎಂದುಕೊಂಡಳು. ಮರುದಿನ ಸೇತುವೆಯ ಏರಿನಲ್ಲಿ, ಎಲ್ಲರೂ ಗೇರು ಇಳಿಸುವ ಜಾಗದಲ್ಲಿ ಅಪ್ಪ ಬಿದ್ದರು. ಕಲ್ಲಂಚು ತಲೆಗೆ ಬಡಿದಿತ್ತು. ತಲೆಸುತ್ತು ಬಂದಿರಬೇಕು ಎಂದರು ಜನ. ಬಿದ್ದ ರಭಸಕ್ಕೆ ಚೈನು ಕಳಚಿದೆ ಎಂದುಕೊಂಡು ಪಕ್ಕದ ಮನೆಯವರು ಅದನ್ನು ಮತ್ತೆ ಹಾಕಿ ಸೈಕಲ್ಲು ತಂದು ನಿಲ್ಲಿಸಿದರು. ಎರಡು ವಾರದ ಮೇಲೆ ಅಪ್ಪನ ಹಳೆಯ ಕೈಪಿಡಿಯನ್ನು ಓದಿದಾಗ ತಾನು ಮುಟ್ಟಿದ್ದು ಯಾವ ಸ್ಕ್ರೂ ಎಂದು ಅವಳಿಗೆ ತಿಳಿಯಿತು. ಆ ಸಂಗತಿ ಅಲ್ಲಿಂದೀಚೆಗೆ ಅವಳ ಬಾಯಿಂದ ಹೊರಬಿದ್ದಿರಲಿಲ್ಲ.

ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒಣಗಿದ ಕೆಸರು ಒರೆಸಿದಳು. ಸ್ಕ್ರೂವಿನ ತಲೆಯ ಮೇಲೆ ಕೆಂಪು ಕಂಡಿತು.

ಅಪ್ಪನದು ಗೇರು ಮಾಡುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ತಪಾಸಣೆಯ ಕೆಲಸ. ಅಮ್ಮನೂ ಮದುವೆಗೆ ಮುಂಚೆ ಅದೇ ಮೇಜಿನಲ್ಲಿದ್ದವಳು. ತಿರುಗಿಸಿ ನೋಡಿ ಎಲ್ಲ ಸರಿಯಿದ್ದರೆ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದೇ ಎಳೆಯಾಗಿ ಕೆಂಪು ಗೆರೆ ಎಳೆಯಬೇಕು. ಆಮೇಲೆ ಸ್ಕ್ರೂ ಕೂದಲೆಳೆಯಷ್ಟು ಅಲುಗಿದರೂ ಗೆರೆ ಮುರಿಯುತ್ತದೆ. ಇಲ್ಲಿ ಎರಡು ಗೆರೆಗಳಿದ್ದವು. ಮಾಸಿದ್ದು ಒಂದು, ಮುರಿದಿತ್ತು. ಅದನ್ನು ಮುರಿದವಳು ಅವಳೇ. ಅದರ ಪಕ್ಕದಲ್ಲಿ ಹೊಸದೊಂದು, ಬಾತ ಬೆರಳು ಎಳೆದಂತೆ ಸ್ವಲ್ಪ ನಡುಗಿದ್ದು, ಎಲ್ಲೂ ಮುರಿದಿರಲಿಲ್ಲ.

ಅಂದರೆ ಅವಳು ಮಲಗಿದ ಮೇಲೆ ಅಪ್ಪ ನೋಡಿದ್ದರು. ನೋಡಿ ಸರಿ ಎಂದಿದ್ದರು. ಹಾಗಾದರೆ ಬಿದ್ದದ್ದು ತನ್ನಿಂದಲ್ಲ. ಆರು ತಿಂಗಳಲ್ಲಿ ಮೊದಲ ಸಲ ಅವಳ ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು. ಖಾತ್ರಿಗೆಂದು ಪೆಡಲು ತಿರುಗಿಸುತ್ತ ಗೇರು ಒಂದೊಂದಾಗಿ ಇಳಿಸಿದಳು. ಚೈನು ಹಲ್ಲಿಂದ ಹಲ್ಲಿಗೆ ಹತ್ತಿತು, ಕೊನೆಯ ದೊಡ್ಡ ಚಕ್ರಕ್ಕೂ ಹತ್ತಿತು. ಅಲ್ಲಿ ನಿಲ್ಲಲಿಲ್ಲ. ಅದನ್ನೂ ದಾಟಿ ಕಡ್ಡಿಗಳೊಳಗೆ ಬಿದ್ದು, ಕರ್ರ್ ಎಂದು ಕಚ್ಚಿಕೊಂಡಿತು. ಚಕ್ರ ಸತ್ತಂತೆ ನಿಂತಿತು. ಕಡ್ಡಿಗಳ ಬುಡದಲ್ಲಿ ಅದೇ ಜಾಗದಲ್ಲಿ ಹಳೆಯ ಗೀರುಗಳಿದ್ದವು.

ಅಪ್ಪ ತಿರುಗಿಸಿಯೇ ನೋಡಿರಲಿಲ್ಲ.

ಅವಳು ಎದ್ದು ಒಳಗೆ ಹೋಗಿ, ಬದನೆಕಾಯಿಯ ಹಸುವಿನ ಮುಂದೆ ಕೂತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಸ್ಕ್ರೂ, ಕೈಪಿಡಿ, ಗೀರು. ಅಮ್ಮ ತಲೆಯೆತ್ತಲಿಲ್ಲ. ಹಸುವಿನ ಒಂದು ಕಾಲು ಗಿಡ್ಡವಾಗಿತ್ತು, ಅದನ್ನು ಕಿತ್ತು ಬೇರೆ ಚುಚ್ಚಿದಳು.

"ಅವತ್ತು ನಾನು ಕೇಳ್ದೆ, ತಿರುಗಿಸಿ ನೋಡಲ್ವೇನ್ರೀ ಅಂತ," ಎಂದಳು ಕೊನೆಗೆ. "ನಮ್ ಚಿಜು ಮಾಡಿರೋದು, ನೋಡೋದೇನಿದೆ ಅಂದ್ರು. ಗೆರೆ ಎಳೆದು ಬಂದು ಮಲಗಿದ್ರು. ಎದ್ದುಹೋಗಿ ನಾನಾದ್ರೂ ತಿರುಗಿಸಬಹುದಿತ್ತು. ಚಳಿ ಇತ್ತು, ಸುಮ್ಮನಾದೆ."

ಚಿಜುರು ಬಾಯಿ ತೆರೆದಳು. ಅಮ್ಮ ಕೈಯೆತ್ತಿ ತಡೆದಳು.

"ನನಗೆ ಹೇಳಿದ್ದಾಯ್ತಲ್ಲ. ಸಂಜೆ ಬರ್ತಾರೆ, ಅವರಿಗೂ ಹೇಳು. ನಾನೂ ಹೇಳೋದಿದೆ."

ಆಮೇಲೆ ಇಬ್ಬರೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು. ಚಿಜುರು ಸ್ಕ್ರೂ ಬಿಗಿಮಾಡಿದಾಗ ಅಪ್ಪನ ಗೆರೆ ಎರಡಾಯಿತು. ತಂತಿಯನ್ನೂ ಎಳೆದು ಸರಿಮಾಡಿದಳು. ಅಮ್ಮ ಪೆಡಲು ತಿರುಗಿಸಿ ಏಳೂ ಗೇರು ಹತ್ತಿಸಿ ಇಳಿಸಿ, ಕಿವಿ ಹತ್ತಿರ ತಂದು ಕೇಳಿದಳು. ಸರಿಯಿದೆ ಎಂದು ಕೆಂಪು ಪೆನ್ನು ಮಗಳ ಕೈಗಿಟ್ಟಳು. ಚಿಜುರುವಿಗೆ ಎಳೆಯಲಾಗಲಿಲ್ಲ. ಸೈಕಲ್ಲನ್ನು ಒಳಗೆ ತಂದು ಸ್ಟ್ಯಾಂಡು ಹಾಕಿ, ಪೆನ್ನನ್ನು ಸೀಟಿನ ಮೇಲಿಟ್ಟಳು.

ಬೆಳಕು ಮಾಸುವ ಹೊತ್ತಿಗೆ ಬಾಗಿಲ ಮುಂದೆ ಸೆಣಬಿನ ಕಡ್ಡಿಗಳಿಗೆ ಬೆಂಕಿ ಹಚ್ಚಿದರು. ಬರುವವರಿಗೆ ದಾರಿ ಕಾಣಲೆಂದು ಹಚ್ಚುವ ಬೆಂಕಿ. ಗಾಳಿ ಇರಲಿಲ್ಲ. ಆದರೂ ಹೊಗೆ ಬಾಗಿಲ ಕಡೆ ತಿರುಗಿ ಒಳಗೆ ಹೋಯಿತು.

ಟಿಕ್, ಟಿಕ್, ಟಿಕ್.

ಚಿಜುರು ಅಮ್ಮನ ಮುಖ ನೋಡಿದಳು. ಅಮ್ಮನಿಗೂ ಕೇಳಿಸಿತ್ತು. ಯಾವಾಗಲೂ ಕಿವಿಗೊಟ್ಟೊಡನೆ ನಿಲ್ಲುತ್ತಿದ್ದ ಸದ್ದು ಇವತ್ತು ನಿಲ್ಲಲಿಲ್ಲ. ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹತ್ತಿತು, ಮತ್ತೊಂದಕ್ಕೆ, ಅವಸರವಿಲ್ಲದೆ. ಐದು. ಆರು. ಏಳನೆಯದರಲ್ಲಿ ನಿಂತು, ಬಹಳ ಹೊತ್ತು ಸರಾಗವಾಗಿ ತಿರುಗಿತು.

ಈ ಸಲ ಅಪ್ಪ ತಿರುಗಿಸಿ ನೋಡುತ್ತಿದ್ದರು.

ಅಮ್ಮ ಬೆಂಕಿಯ ಮೇಲೆ ಇನ್ನೆರಡು ಕಡ್ಡಿ ಹಾಕಿ, ಹೋಗು ಎಂಬಂತೆ ತಲೆ ಆಡಿಸಿದಳು. ಚಿಜುರು ಎದ್ದು, ಚಪ್ಪಲಿಯನ್ನು ಸೈಕಲ್ಲಿನ ಪಕ್ಕದಲ್ಲೇ ಬಿಟ್ಟು, ಒಳಗೆ ಹೋದಳು.