ಕೀಳದ ಹಲ್ಲು

ಅಣವೀರಪ್ಪನಿಗೆ ಏನೇ ಕೊಂಡರೂ ಕೈಯಲ್ಲಿ ತೂಗಿ ನೋಡುವ ಚಾಳಿ. ವಿಜಯಪುರದಿಂದ ಮುಂಬೈಗೆ ಬಂದು ಸಯನ್‌ನಲ್ಲಿ ಮೂವತ್ತು ವರ್ಷ ಕಾಳುಕಡಿ ಮಾರಿದವನು ಬೇರೇನು ಮಾಡಿಯಾನು! ಡಾಕ್ಟರರನ್ನೂ ಹಾಗೆಯೇ ತೂಗುತ್ತಿದ್ದ. ಸೂಜಿ ಚುಚ್ಚಿದವನು ಒಳ್ಳೆಯವನು, ಎರಡು ಚುಚ್ಚಿದವನು ಇನ್ನೂ ಒಳ್ಳೆಯವನು.

ಒಂದು ತಿಂಗಳಿಂದ ಬಲದವಡೆ ನೋಯುತ್ತಿತ್ತು. ಖಡಕ್ ರೊಟ್ಟಿ ಕಡಿಯುವಂತಿರಲಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಇನ್ನು ಬದುಕಿಡೀ ಮೆತ್ತನೆಯ ಅನ್ನವೇ ಗತಿಯೇನೋ ಎಂದು ಒಳಗೊಳಗೇ ಹೆದರಿದ್ದ. ಬೊರಿವಲಿಯ ಒಂದು ಕ್ಲಿನಿಕ್‌ನವರು ಐದೇ ನಿಮಿಷ ನೋಡಿ, ಮೂರು ಹಲ್ಲು ಕಿತ್ತು ಹೊಸದು ಕೂರಿಸೋಣ, ಆಫರ್ ಇದೆ ಎಂದಿದ್ದರು. ವ್ಯಾಪಾರ ಹಿಡಿಸಿತು. ಆದರೂ ಎರಡು ಅಂಗಡಿ ವಿಚಾರಿಸದೆ ಉಪ್ಪನ್ನೂ ಕೊಂಡವನಲ್ಲ. ಹಾಗಾಗಿ ಮನೆ ಹತ್ತಿರದ ಹಲ್ಲಿನ ಡಾಕ್ಟರ್ ಶೀತಲಳ ಮುಂದೆ ಬಾಯಿ ತೆರೆದ.

ಅವಳು ಒಂದೊಂದೇ ಹಲ್ಲು ತಟ್ಟಿದಳು, ತಣ್ಣೀರು ಬಿಟ್ಟಳು, ಎಕ್ಸ್‌ರೇ ತೆಗೆದಳು, ಮತ್ತೆ ತಟ್ಟಿದಳು. ಅರ್ಧ ತಾಸು ಹೀಗೇ ಹೋಯಿತು.

"ಕಾಕಾ, ಒಂದೇ ಹಲ್ಲು ಹುಳುಕು. ಡೀಪ್ ಇಲ್ಲ. ಸಿಮೆಂಟ್ ತುಂಬಿದ್ರೆ ಬಸ್, ಸಾಕು. ಬಾಕಿ ಎರಡು ಏಕ್‌ದಮ್ ಗಟ್ಟಿ ಇದೆ, ಯಾಕೆ ತೆಗೀಬೇಕು?"

ಅಣವೀರಪ್ಪನ ಮುಖ ಇಳಿಯಿತು. "ಬರೇ ಒಂದಾ? ಅವರು ಮೂರು ಕೀಳತೀವಿ ಅಂದಿದ್ರಲ್ಲವ್ವ. ಫೀ ಕೊಟ್ಟ ಮ್ಯಾಲ ಕೈಯಾಗ ಏನರ ಬರಬೇಕಲ್ಲ?"

ಶೀತಲ ನಕ್ಕಳು. "ನಿಮ್ಮ ಹಲ್ಲು ನಿಮ್ಮ ಬಾಯಲ್ಲೇ ಇರುತ್ತೆ. ಔರ್ ಕ್ಯಾ ಚಾಹಿಯೆ, ಇನ್ನೇನು ಬೇಕು? ಆರು ತಿಂಗಳಿಗೆ ಒಮ್ಮೆ ತೋರಿಸಿ. ಚಿಕ್ಕದು ಇದ್ದಾಗಲೇ ಸಿಕ್ಕಿದ್ರೆ ಕೆಲಸಾನೂ ಚಿಕ್ಕದು."

ಹುಳುಕು ತುಂಬಿಸಿಕೊಂಡು ಗೊಣಗುತ್ತಲೇ ಮನೆಗೆ ಬಂದ. ಮರುದಿನ ಮಧ್ಯಾಹ್ನ ಹೆಂಡತಿ ಸೋಮವ್ವ ಬದನೆಕಾಯಿ ಎಣಗಾಯಿ ಬಡಿಸಿದಾಗ, ಅಂಜುತ್ತ ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟ. ಕಟುಂ ಎಂದಿತು. ನೋವಿರಲಿಲ್ಲ. ಎರಡನೆಯ ರೊಟ್ಟಿ ಮುಗಿಯುವ ಹೊತ್ತಿಗೆ ಯಾವ ಕಡೆಯಿಂದ ಅಗಿಯುತ್ತಿದ್ದಾನೆಂಬುದೇ ಅವನಿಗೆ ಮರೆತುಹೋಗಿತ್ತು. ಕಣ್ಣು ತುಂಬಿಬಂದು, ಸುಮ್ಮನೆ ಮೆಣಸಿನಕಾಯಿಯನ್ನು ಬೈದ. ಕೀಳದೆ ಬಿಟ್ಟ ಆ ಡಾಕ್ಟರ್ ಹುಡುಗಿಯನ್ನು ಮನಸ್ಸಿನಲ್ಲೇ ಹೊಗಳಿದ.

ಹಿಗ್ಗಿನಲ್ಲಿ ಹೆಂಡತಿಗೂ ಒಂದು ಚೂರು ಮುರಿದುಕೊಟ್ಟ. ಸೋಮವ್ವ ಅದನ್ನು ಸಾರಿನಲ್ಲಿ ಅದ್ದಿ, ನೆನೆಯಲು ಬಿಟ್ಟಳು.

"ಹಂಗ್ಯಾಕ ತೋಯಿಸ್ತಿ? ನಿನ್ನ ಹಲ್ಲೂ ನೂಸ್ತಾವೇನು?"

"ಎರಡ ವರ್ಷಾತು. ಹೋದ್ರ ನಾಕೈದು ಕೀಳತಾರ, ಸುಮ್ಮನ ಖರ್ಚು ಅಂತ ಹೇಳಿಲ್ಲ."

ಎರಡು ವರ್ಷ ದಿನಾ ಎದುರು ಕೂತು ಉಂಡವನು ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ. ಅಣವೀರಪ್ಪನಿಗೆ ನಾಚಿಕೆಯಾಯಿತು. ಮೂರನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಎದ್ದ.

"ಕೈ ತೊಳಿ. ನಡಿ, ಡಾಕ್ಟರ್ ಹಂತ್ಯಾಕ ಹೋಗೂಣು."

"ಈಗ? ಕೀಳತಾಳೇನ್ರಿ ಅಕಿ?" ಸೋಮವ್ವ ಅಂಗೈಯಿಂದ ದವಡೆ ಮುಚ್ಚಿಕೊಂಡಳು.

"ಅಕಿ ಮೊದಲ ನೋಡ್ತಾಳ," ಎಂದ ಅಣವೀರಪ್ಪ, ಹೆಂಡತಿಯ ಚಪ್ಪಲಿಯನ್ನು ತಾನೇ ಮುಂದಿಡುತ್ತ. "ಸಾವಕಾಶ ನೋಡ್ತಾಳ."