ಜಾಹೀರಾತಿನಲ್ಲಿ ಒಂದು ಸಾಲು ಹೆಚ್ಚು

"ಸ್ವಲ್ಪ ನೋಡ್ಕೊಂಡು," ಎಂದು ತಂಗಿ ಹೇಳುವಷ್ಟರಲ್ಲಿ, ಮನೆ ನೋಡಲು ಬಂದಿದ್ದ ಹಲ್ಲಿನ ಡಾಕ್ಟರು ಏಳನೇ ಮೆಟ್ಟಿಲಿಗೆ ಎಡವಿ ಕಂಬಿ ಹಿಡಿದುಕೊಂಡಿದ್ದರು. ಬೆಳಗಿನಿಂದ ಇವರು ನಾಲ್ಕನೆಯವರು. ಮರಗೆಲಸದ ಅಪ್ಪ ಊರಿಗೆಲ್ಲ ಅಳತೆ ಹೇಳಿಕೊಟ್ಟು ತನ್ನ ಮನೆಯ ಮೆಟ್ಟಿಲಲ್ಲೇ ಲೆಕ್ಕ ತಪ್ಪಿದ್ದ. ಏಳನೆಯದು ಮಿಕ್ಕವಕ್ಕಿಂತ ಮೂರು ಬೆರಳು ಎತ್ತರ. ಮನೆಯವರ ಕಾಲು ಮಾತ್ರ ಅಲ್ಲಿ ತಾನಾಗಿ ಮೇಲೇಳುತ್ತಿತ್ತು. ನಡುಮನೆಯಲ್ಲಿ ಮಂಡಿನೋವಿನ ಕಾಲು ಚಾಚಿ ಕೂತಿದ್ದ ಅಣ್ಣ, ಯಾರಾದರೂ ಎಡವಿದಾಗಲೆಲ್ಲ ಪತ್ರಿಕೆಯ ಹಿಂದೆ ಮುಖ ಮರೆಸಿ ನಗುತ್ತಿದ್ದ.

ಮನೆ ಮಾರಿ ಫ್ಲ್ಯಾಟಿಗೆ ಹೋಗುವುದು ಅಣ್ಣನ ತೀರ್ಮಾನ. "ಪೇಟೆ ಮಧ್ಯದ ಹಳೇ ಬಡಾವಣೆ, ಮೇಡಂ. ಮನೆಗೊಂದು ಚರಿತ್ರೆ ಇದ್ರೆ ಗಿರಾಕಿ ಹುಡುಕ್ಕೊಂಡು ಬರ್ತಾನೆ. ನಾಲ್ಕು ಸಾಲು ಬರ್ಕೊಡಿ," ಎಂದಿದ್ದ ಬ್ರೋಕರ್. ತಂಗಿ ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಪರರ ಬರಹದಲ್ಲಿ ಒಂದು ಪದ ಹೆಚ್ಚಾದರೂ ಸಹಿಸದವಳು. ಅಂಥವಳು ಐದು ಸಾಲು ಬರೆದಳು. ಕಟ್ಟಿದವರು ಯಾರು, ಯಾವ ವರ್ಷ, ಕಿಟಕಿ ಯಾವ ಮರದ್ದು ಎಲ್ಲ ಆದ ಮೇಲೆ ಕೊನೆಗೆ: "ಮಹಡಿಯ ಕೋಣೆಯಲ್ಲಿ ಈ ಮನೆಯ ಸೊಸೆ ಎರಡು ವರ್ಷ ಹೊಲಿಗೆ ಕಲಿಸುತ್ತಿದ್ದರು." ಅಣ್ಣ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿ, ಆ ಸಾಲು ಹೊಡೆದುಹಾಕದೆ ಹಿಂದಕ್ಕೆ ಕೊಟ್ಟ.

ಅತ್ತಿಗೆ ಮನೆ ಬಿಟ್ಟು ಇಪ್ಪತ್ತೆಂಟು ವರ್ಷ. ಅಣ್ಣನ ಜೊತೆ ಹೊಂದಲಿಲ್ಲ, ಹೋದಳು. ಅದು ಅವರಿಬ್ಬರ ವಿಷಯ. ಆದರೆ ಹದಿನಾಲ್ಕು ವರ್ಷದ ನಾದಿನಿಗೆ ಒಂದು ಮಾತು ಹೇಳಿ ಹೋಗಬಾರದಿತ್ತೇ? ಆ ಸಂಕಟ ಇವತ್ತಿಗೂ ಆರಿರಲಿಲ್ಲ. ಎಂದಾದರೂ ಕಾಗದ ಬಂದೀತೆಂದು ದಿನಾ ಗೇಟಿನ ಡಬ್ಬಿಗೆ ಕೈ ಹಾಕುವುದು ಅವಳಿಗೆ ರೂಢಿಯಾಗಿತ್ತು. ಮನೆ ಕೈಬಿಟ್ಟರೆ ಅತ್ತಿಗೆಗೆ ಗೊತ್ತಿರುವ ಒಂದೇ ವಿಳಾಸವೂ ಹೋಗುತ್ತದೆ. ಆ ಐದನೇ ಸಾಲು ಬರೆದದ್ದು ಗಿರಾಕಿಗಲ್ಲ, ಅವಳಿಗೆ.

ಡಾಕ್ಟರು ಹೋದ ಸ್ವಲ್ಪ ಹೊತ್ತಿಗೆ ನೆರೆತ ಕೂದಲಿನ, ದಪ್ಪ ಕನ್ನಡಕದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಮೇಲೆ ನೋಡ್ಬಹುದಾ?" ಎಂದಳು. ಅಣ್ಣ ಪತ್ರಿಕೆ ಇಳಿಸಲಿಲ್ಲ. ತಂಗಿ ಅವಳ ಹಿಂದೆಯೇ ಹತ್ತುತ್ತ, ಎಚ್ಚರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಹೆಂಗಸಿನ ಕಾಲು ಮೂರು ಬೆರಳು ಹೆಚ್ಚಿಗೆ ಎದ್ದು, ಏಳನೆಯದನ್ನು ಸಲೀಸಾಗಿ ದಾಟಿಬಿಟ್ಟಿತು.

ಮೇಲಿನ ಖಾಲಿ ಕೋಣೆಯಲ್ಲಿ ಅವಳು ಕಿಟಕಿಯ ಹತ್ತಿರ ನಿಂತಳು. "ಮೆಷಿನ್ ಇಲ್ಲಿತ್ತು. ನೀನು ಇಲ್ಲೇ ಕೂತು ನನ್ನ ಗುಂಡಿ ಡಬ್ಬಿಗೆ ಕನ್ನ ಹಾಕ್ತಿದ್ದೆ, ಗುಬ್ಬಿ."

ಆ ಹೆಸರಿನಿಂದ ಅವಳನ್ನು ಕರೆಯುವವರು ಬೇರೆ ಯಾರೂ ಇರಲಿಲ್ಲ. ತಂಗಿಗೆ ಅಳು ತಡೆಯಲಾಗಲಿಲ್ಲ.

"ಒಂದು ಮಾತು ಹೇಳಿ ಹೋಗ್ಬೇಕಿತ್ತು, ಅತ್ತಿಗೆ."

"ಹೇಳೋಕೆ ಅಂತ ನಿಂತಿದ್ರೆ ಹೋಗ್ತಾನೇ ಇರ್ಲಿಲ್ಲ ಕಣೇ. ನೀನು ಸ್ಕೂಲಿಂದ ಬರೋದ್ರೊಳಗೆ ಅಂತಾನೇ ಹೊರಟೆ."

ತಂಗಿಗೆ ಸಿಟ್ಟೂ ಬಂತು. ಆ ಸಿಟ್ಟಲ್ಲೇ ಅವಳ ಕೈ ಹಿಡಿದುಕೊಂಡು ಬಿಡಲಿಲ್ಲ.

"ಮನೆ ಕೊಳ್ಳೋ ಪೈಕಿ ಅಲ್ಲಮ್ಮ ನಾನು," ಎಂದು ಅತ್ತಿಗೆ ಚೀಲದಿಂದ ಕತ್ತರಿಸಿಟ್ಟ ಜಾಹೀರಾತು ತೆಗೆದಳು. "ಇದನ್ನ ಓದಿ ಬಂದೆ. ಮುಂದೆ ಎಲ್ಲಿರ್ತೀರೋ, ಇದರ ಹಿಂದೆ ಬರ್ಕೊಡು. ಅವರಿಗೆ ಹೇಳ್ಬೇಡ."

ತಂಗಿ ಗೋಡೆಗೆ ಕಾಗದ ಒತ್ತಿ, ತಪ್ಪಾಗದಿರಲೆಂದು ಒಂದೊಂದೇ ಪದ ಜೋರಾಗಿ ಹೇಳಿಕೊಳ್ಳುತ್ತ ಬರೆದಳು: ಫ್ಲ್ಯಾಟ್ ನಂಬರು, ಅಡ್ಡರಸ್ತೆ, ಪಿನ್‌ಕೋಡ್. ಅಣ್ಣ ಕುರ್ಚಿ ಬಿಟ್ಟು ಮೆಟ್ಟಿಲ ಬುಡಕ್ಕೆ ಬಂದದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಮೂರನೇ ಮಹಡಿ ಅಂತಾನೂ ಬರಿ," ಎಂದ ಅವನು ಕೆಳಗಿನಿಂದ. "ಲಿಫ್ಟ್ ಕೆಟ್ಟಿದ್ರೆ ಕೆಳಗಿಂದಾನೇ ಒಂದು ಕೂಗು ಹಾಕೋಕೆ ಹೇಳು. ನಾನು ಇಳಿದು ಬರ್ತೀನಿ."

ತಂಗಿಯ ಪೆನ್ನು ನಿಂತಿತು. ಅತ್ತಿಗೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಬರಿ," ಎಂದಳು. "ಮೂರನೇ ಮಹಡಿ."