ಭೂಮಿಗೆ ಗಂಡಸು

"ಏ ಸೂಳಿ, ಬಿಡು ಕೂರಿಗಿ! ನಿಮ್ಮಪ್ಪನ ಹೊಲ ಅಂತ ತಿಳದೀದೇನಬೇ?"

ಕಲ್ಯಾಣಪ್ಪಗೌಡ ಬದುವಿನ ಮೇಲಿಂದಲೇ ಕೂಗಿದ. ನಿಂಬೆವ್ವ ಬಿತ್ತುವ ಕೂರಿಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಎತ್ತುಗಳು ನಿಂತವು. ಉಡಿಯಲ್ಲಿ ಸಜ್ಜೆಯ ಬೀಜ ಕಟ್ಟಿಕೊಂಡು ಹಿಂದೆ ಬರುತ್ತಿದ್ದ ನಾವು ಹೆಂಗಸರೂ ನಿಂತೆವು.

"ಮತ್ತ ಯಾರ ಹಿಡೀಬೇಕ್ರಿ ಗೌಡ್ರ?" ಎಂದಳು ನಿಂಬೆವ್ವ. "ಹದ ಆರಾಕತ್ತದ. ನೀವು ಇಳೀತೀರೇನ್ರಿ?"

ಗೌಡ ಇಳಿಯುವವನಲ್ಲ. ಅವನ ಅಂಗಾಲಿಗೆ ಆ ಹೊಲದ ಮಣ್ಣು ಹತ್ತಿದ್ದನ್ನು ನಾವು ಕಂಡಿರಲಿಲ್ಲ. ಇಳಿಯುವ ಗಂಡಸರು ಊರಲ್ಲೇ ಇರಲಿಲ್ಲ. ಆ ವರ್ಷ ರಜಾಕಾರರ ಹಾವಳಿಗೆ ಆಳಂದ, ಸರಸಂಬಾ ಸುತ್ತಿನ ಊರುಗಳ ಗಂಡಸರು ಹೈದರಾಬಾದಿನ ಗಡಿ ದಾಟಿ ಅಕ್ಕಲಕೋಟೆಯ ಕಡೆ ಹೋಗಿ ಕುಳಿತಿದ್ದರು. ಗೌಡನ ಮಕ್ಕಳೂ ಅಲ್ಲೇ, ಗೌಡನ ಕೂರಿಗೆ ಹಿಡಿಯುವ ನಮ್ಮ ಕೇರಿಯ ಜೀತದಾಳು ಸೈದಪ್ಪನೂ ಅಲ್ಲೇ. ಗೌಡ ಮಾತ್ರ ಎರಡೂ ಕಡೆಯವರಿಗೆ ಜೋಳ ಕೊಟ್ಟು ಊರಲ್ಲಿ ಉಳಿದಿದ್ದ. ಮಳೆ ಮಾತ್ರ ಯಾರಿಗೂ ಕಾಯದೆ ಬಂದಿತ್ತು.

ಹೆಂಗಸು ಕೂರಿಗೆ ಹಿಡಿದರೆ ಭೂಮಿಗೆ ಮೈಲಿಗೆ, ಬೆಳೆ ದೇವರಿಗೆ ಸಲ್ಲದು. ಇದು ನಮ್ಮೂರ ಕಟ್ಟು. ಬೀಜ ಬಿಡಬಹುದು, ಸದೆ-ಕಳೆ ತೆಗೆಯಬಹುದು, ಗೊಬ್ಬರ ಹೊರಬಹುದು. ಕೂರಿಗೆ ಹಿಡಿಯುವ ಹಾಗಿಲ್ಲ.

ಗೌಡ ಮಠದ ಅಯ್ಯನವರನ್ನು ಕರೆಸಿದ. ಅಯ್ಯನವರು ಹೊಲ ನೋಡಿದರು, ಮೋಡ ನೋಡಿದರು, ಗೌಡನ ಮುಖ ನೋಡಿದರು.

"ಹೆಂಗಸು ಹಿಡದ್ರ ದೋಷ, ಗೌಡ್ರ. ಗಂಡಸು ಹಿಡದ್ರ ಇಲ್ಲಲ್ಲ."

"ಗಂಡಸನ್ನ ಎಲ್ಲಿಂದ ತರಲ್ರಿ?"

"ಈಕಿನ್ನೇ ಗಂಡಸ ಮಾಡಿದ್ರಾತು. ಭೂಮಿತಾಯಿ ಒಪ್ಪತಾಳ."

ಅವತ್ತೇ, ಆ ಹೊಲದ ಬದುವಿನಲ್ಲೇ ನಿಂಬೆವ್ವನನ್ನು ಗಂಡಸು ಮಾಡಿದರು. ಸೊಲ್ಲಾಪುರದ ಗಿರಣಿಗೆ ಹೋದ ಅವಳ ಗಂಡ ಅಲ್ಲೇ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದ. ಆದರೂ ಕೈಯಲ್ಲಿ ಹಸಿರು ಬಳೆ ಇದ್ದವು. "ಒಡಿ" ಎಂದರು. ಕಲ್ಲಿಗೆ ಕೈ ಬಡಿದು ತಾನೇ ಒಡೆದುಕೊಂಡಳು. ಅಯ್ಯನವರು ವಿಭೂತಿಯನ್ನು ಎಲೆಯ ಮೇಲಿಟ್ಟು ದೂರ ಸರಿದರು. ಹೊಲಗೇರಿಯವಳ ಹಣೆ ಮುಟ್ಟುವುದು ಹೇಗೆ? ಗೌಡ ತನ್ನ ಹಳೆಯ ಧೋತರ, ಅಂಗಿ, ರುಮಾಲು ಎಸೆದ. ಎಸೆದದ್ದನ್ನು ನಾವೇ ಎತ್ತಿ ಅವಳಿಗೆ ಉಡಿಸಿ ಸುತ್ತಿದೆವು.

"ಇವತ್ತಿನಿಂದ ಇಂವ ನಿಂಬಣ್ಣ," ಎಂದು ಅಯ್ಯನವರು ಭೂಮಿಗೆ ಕಾಯಿ ಒಡೆದರು. "ಗಂಡಸು! ಹೌದಂತೀರೋ ಇಲ್ಲೋ?"

"ಹೌದ್ರಿ," ಎಂದೆವು.

ನಿಂಬಣ್ಣ ಕೂರಿಗೆ ಹಿಡಿದ. ಕೂರಿಗೆಯ ಬಟ್ಟಲಿಗೆ ಬೀಜ ಬಿಡಲು ನಮ್ಮ ಕೇರಿಯ ಬಾಳಮ್ಮ ನಿಂತಳು. ಆ ಹೊಲದ ಸಾಲು ಸೈದಪ್ಪನ ಕೈಯಲ್ಲೂ ಅಷ್ಟು ನೆಟ್ಟಗೆ ಬಿದ್ದಿರಲಿಲ್ಲ.

ಬಿತ್ತಿಗೆ ಮುಗಿದ ದಿನ ಹಗೇವಿನಿಂದ, ಅಂದರೆ ನೆಲದೊಳಗಿನ ಕಣಜದಿಂದ, ಕೂಲಿಯ ಜೋಳ ತೆಗೆದು ಅಳೆಯುವಾಗ ನಿಂಬೆವ್ವ ಗಂಡಾಳಿನ ಸಾಲಿನಲ್ಲಿ ಹೋಗಿ ನಿಂತಳು. ಆ ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಗೌಡ ನಕ್ಕ.

"ಭೂಮಿತಾಯಿಗಿ ಗಂಡಸು ನೀ. ನನ್ನ ಹಗೇವಿಗಲ್ಲ. ಹೋಗಬೇ, ಆ ಕಡಿ ನಿಂದ್ರು."

ಎಲ್ಲರಂತೆ ಹೆಣ್ಣಾಳಿನ ಜೋಳವನ್ನೇ ಸೆರಗಿಲ್ಲದ ಮೈಗೆ ಒತ್ತಿ ಹಿಡಿದುಕೊಂಡು ಬಂದಳು.

ಬಾಳಮ್ಮನ ಗಂಡ ಕೆಲವು ವರ್ಷದ ಹಿಂದೆಯೇ ಜ್ವರದಲ್ಲಿ ತೀರಿಕೊಂಡಿದ್ದ. ಹಿಂದಿನ ವರ್ಷ ಅತ್ತೆ ತುಳಜಾಬಾಯಿಯ ಗುಡಿಸಲು ಮಳೆಗೆ ಕುಸಿದಾಗ ಬಾಳಮ್ಮ ನಿಂಬೆವ್ವನ ಗುಡಿಸಲಿಗೆ ಬಂದಳು, ಮುದುಕಿ ಮಗಳ ಮನೆ ಸೇರಿದಳು. ಮುದುಕಿಗೆ ಹೊಸ ಗುಡಿಸಲು ಎದ್ದ ಮೇಲೂ ಬಾಳಮ್ಮ ತಿರುಗಿ ಹೋಗಲಿಲ್ಲ. ಒಂದೇ ಒಲೆ, ಒಂದೇ ಕೌದಿ. ಕೇರಿಯಲ್ಲಿ ಯಾರೂ ಏನೂ ಅಂದಿರಲಿಲ್ಲ. ಗಂಡನಿಲ್ಲದ ಇಬ್ಬರು ಹೆಂಗಸರು ಒಂದು ಕಡೆ ಮಲಗಿದರೆ ಅದು ಮಾತಾಡುವ ವಿಷಯವೇ ಆಗಿರಲಿಲ್ಲ. ಹೆಂಗಸರಿಂದ ಏನಾದೀತು ಎಂದು ಊರು ತಿಳಿದಿತ್ತು.

ಧೋತರ ಬಂದ ಮೇಲೆ ಮಾತು ಹುಟ್ಟಿತು. ಮೊದಲು ಹುಟ್ಟಿದ್ದು ನಮ್ಮ ಬಾಯಲ್ಲೇ, ಚೇಷ್ಟೆಗೆ.

"ಬಾಳವ್ವಾ, ಗಂಡ ಬಂದ ನೋಡಬೇ, ಕಾಲಿಗಿ ನೀರ ಕೊಡು!"

"ಹೊಡೀತಾನೇನಬೇ ನಿನ್ನ ಗಂಡ?"

"ಎಲ್ಲಿ ಹೊಡೀತಾನ," ಎನ್ನುತ್ತಿದ್ದಳು ಬಾಳಮ್ಮ, ರೊಟ್ಟಿ ಬಡಿಯುತ್ತ. "ರೊಟ್ಟಿ ಸೀದ್ರೂ ತಿಂತಾನ. ನಿಮ್ಮ ಗಂಡರ ತಿಂತಾರೇನ?"

ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ಇಲ್ಲ ಎನ್ನುತ್ತಿರಲಿಲ್ಲ.

ನಮ್ಮ ಗುಡಿಸಲಿಗೂ ಅವರದಕ್ಕೂ ನಡುವೆ ತೊಗರಿಕಟ್ಟಿಗೆಯ ತಡಿಕೆಯೊಂದೇ. ಒಂದು ಮಧ್ಯಾಹ್ನ ಮಳೆ ಹಿಡಿದು ಎಲ್ಲರೂ ಒಳಗಿದ್ದಾಗ ಬಾಳಮ್ಮ ಕೇಳಿದ್ದು ಕಿವಿಗೆ ಬಿತ್ತು.

"ನಿಂಬೀ, ನಿನಗ ಗಂಡಸಾಗೂದು ಚಲೋ ಅನಸ್ತದೇನ?"

"ಹುಚ್ಚಿ. ಗಂಡಸಾಗಿ ಏನ್ ಮಾಡ್ಲಿ? ಈ ಧೋತರದಾಗಿದ್ರ ನಿನ್ನ ಬಾಜೂಕ ನಡದ್ರೂ ಯಾರೂ ಯಾಕಂತ ಕೇಳಂಗಿಲ್ಲ. ಅಷ್ಟ."

"ಮನಿಯಾಗರ ರುಮಾಲ ತಗದಿಡು. ನನಗ ನೀ ನಿಂಬಿನೇ ಇರು."



ಮಹಾನವಮಿಗೆ ಮೊದಲೇ ಪೊಲೀಸ್ ಕಾರ್ಯಾಚರಣೆ ಆಯಿತು, ಹೈದರಾಬಾದು ಬಿತ್ತು. ಗಂಡಸರು ತಿರುಗಿ ಬಂದರು. ಸೈದಪ್ಪ ಬಂದ ದಿನ ನಾವು ಹಿಂಗಾರಿ ಜೋಳ ಬಿತ್ತುತ್ತಿದ್ದೆವು. ತನ್ನ ಕೂರಿಗೆ, ತನ್ನ ಎತ್ತು ಇನ್ನೊಬ್ಬರ ಕೈಯಲ್ಲಿ ನೋಡಿ ಅವನು ಓಡಿ ಬಂದ.

"ಯಾವಲೇ ಅಂವ..." ಹತ್ತಿರ ಬಂದು ಗುರುತು ಹತ್ತಿ ಬಾಯಿ ತೆರೆದೇ ನಿಂತ. "ನಿಂಬೀ! ಏನಬೇ ಇದು ವೇಷ?"

"ನಿಂಬಣ್ಣ ಅನಬೇಕೋ ಸೈದಪ್ಪಾ," ಎಂದು ಯಾರೋ ಕಿಸಕ್ಕನೆ ನಕ್ಕರು. "ಬಾಳವ್ವನ ಗಂಡ ಅಂವ."

ಸೈದಪ್ಪ ನಗಲಿಲ್ಲ. ಹೆಂಡತಿ ಸತ್ತವನು. ಅವಳು ಸತ್ತ ವರ್ಷದಿಂದ ಬಾಳಮ್ಮನ ಮೇಲೆ ಕಣ್ಣಿಟ್ಟವನು. ಕೂರಿಗೆಯನ್ನು ನೋಡಿದ, ಬೀಜ ಬಿಡುತ್ತಿದ್ದ ಬಾಳಮ್ಮನನ್ನು ನೋಡಿದ. ಸೀದಾ ಗೌಡನ ವಾಡೆಗೆ ನಡೆದ.

ವಾಡೆಯ ಅಂಗಳದಲ್ಲಿ ಸಗಣಿ ಬಳಿಯುತ್ತಿದ್ದವರು ನಮ್ಮವರೇ, ಮಾತೆಲ್ಲ ಕೇಳಿಸಿಕೊಂಡರು.

"ಇಬ್ಬರೂ ಒಂದ ಕೌದಿಯಾಗ ಮಲಗ್ತಾರಂತ್ರಿ ಧಣಿ."

"ರಂಡೇರು ಎಲ್ಲಿ ಮಲಗಿದ್ರ ನನಗೇನೋ? ಆಕಳ ಬಾಜೂಕ ಆಕಳ ಮಲಗಿದಂಗ."

"ಹಂಗಲ್ರಿ. ಗಂಡಾ ಹೆಂಡ್ತಿ ಅಂತಾರಂತ. ಬಾಳಿ ಹೂಂ ಅಂತಾಳಂತ."

ಗೌಡ ಎಲೆ ಅಡಿಕೆ ಉಗುಳಿದ. "ಹೌದೇನು? ಅದು ಬ್ಯಾರೆ ಮಾತ. ಹೆಣ್ಣು ಗಂಡಸಿನ ಜಾಗಾದಾಗ ಕುಂತ್ರ ನಾಳಿ ನನ್ನ ಜಾಗಾದಾಗೂ ಒಂದು ಕುಂದರತದ." ಮತ್ತೊಂದು ಎಲೆ ಮಡಚುತ್ತ ಹೇಳಿದ: "ಕೂರಿಗಿ ನಿಂದ. ಬಾಳಿನೂ ನಿನಗ ಉಡಿಕಿ ಮಾಡಸ್ತೇನಿ. ಇನ್ನ ಗಡಿ ಪಡಿ ದಾಟಿ ಓಡಬ್ಯಾಡ ಮತ್ತ."

ಆಳಿಗೆ ಹೆಂಡತಿ ಕಟ್ಟಿದರೆ ಆಳು ಗೂಟಕ್ಕೆ ಕಟ್ಟಿದಂತೆ. ಗೌಡನಿಗೆ ಬೇಕಾದದ್ದು ಅಷ್ಟೇ.

ಗಂಡ ಸತ್ತವಳ ಮುಂದೆ ಹಿರಿಯರ ಎದುರಿಗೆ ಸೀರೆ ಇಡಬೇಕು. ಅವಳು ಅದನ್ನು ಮೈಮೇಲೆ ಹಾಕಿಕೊಂಡರೆ ಸೀರೆ ಇಟ್ಟವನ ಹೆಂಡತಿ. ನಮ್ಮ ಉಡಿಕೆ ಅಂದರೆ ಇಷ್ಟೇ. ಬಾಳಮ್ಮನ ಅತ್ತೆ ತುಳಜಾಬಾಯಿಯನ್ನು ಕೇಳಿದರು, ಅವಳು ಹೂಂ ಅಂದಳು. ಬಾಳಮ್ಮನನ್ನು ಯಾರೂ ಕೇಳಲಿಲ್ಲ.

ಸಜ್ಜೆಯ ರಾಶಿ ಹಗೇವು ಸೇರಿದ ಮೇಲೆ ಒಂದು ದಿನ ಹಿರಿಯರು ಕೂಡಿದರು. ಚಾವಡಿಯ ಕಟ್ಟೆಯ ಮೇಲೆ ಗೌಡ, ಅಯ್ಯನವರು. ಕೆಳಗೆ ಅಂಗಳದಲ್ಲಿ ಕೇರಿಯ ನಾವು. ಸೈದಪ್ಪ ಕೆಂಪು ಸೀರೆ ತಂದು ಬಾಳಮ್ಮನ ಮುಂದಿಟ್ಟ. ಆಗ ನಿಂಬೆವ್ವ ಬಂದಳು, ಅದೇ ಧೋತರ, ಅದೇ ರುಮಾಲು. ಕಾಲುಂಗುರ ಮಾರಿ ಆಳಂದದ ಸಂತೆಯಿಂದ ತಂದಿದ್ದ ಹಸಿರು ಸೀರೆಯನ್ನು ಕೆಂಪು ಸೀರೆಯ ಪಕ್ಕಕ್ಕಿಟ್ಟಳು.

"ಉಡಿಕಿ ನಾನೂ ಕೇಳತೇನಿ."

ಮೊದಲು ಎಲ್ಲರೂ ನಕ್ಕರು. ಗೌಡನೂ ನಕ್ಕ. ಅವಳು ನಗು ಮುಗಿಯುವವರೆಗೆ ಕಾದಳು.

"ನನ್ನ ಗಂಡಸು ಅಂದವರು ನೀವ. ಕಾಯಿ ಒಡದವರು ಈ ಅಯ್ಯನೋರು. ಹೌದಂದವರು ಇಲ್ಲೇ ಕುಂತಾರ."

"ಅದು ಬಿತ್ತಾಕ ಮಾಡಿದ್ದಬೇ!" ಎಂದರು ಅಯ್ಯನವರು.

"ಬಿತ್ತೇನಿ. ಆ ಸಜ್ಜಿ ರೊಟ್ಟಿ ನಿಮ್ಮ ದೇವರಿಗಿ ಎಡಿ ಆಗ್ಯಾದ. ನಾ ಹೆಂಗಸಿದ್ರ ಅದು ಮೈಲಿಗಿ. ಹಗೇವಿನಾಗಿನ ಕಾಳ ಹೊರಗ ತಗದು ಸುಡ್ರಿ. ನಾ ಗಂಡಸಿದ್ರ ಉಡಿಕಿ ಮಾಡ್ರಿ. ಎರಡ್ರಾಗ ಒಂದ ಹೇಳ್ರಿ."

ಅಯ್ಯನವರು ಗೌಡನ ಮುಖ ನೋಡಿದರು.

ಗೌಡ ಎದ್ದು ನಿಂತ. "ನಾ ಅಂದ್ರ ಗಂಡಸು, ನಾ ಅಂದ್ರ ಹೆಂಗಸು. ನಿಂದೇನಬೇ ನ್ಯಾಯ? ಸೈದ್ಯಾ, ಎಳಿಯೋ ಆ ಧೋತರ. ಏನೈತಿ ಏನಿಲ್ಲ ಊರೆಲ್ಲ ನೋಡಲಿ!"

ಸೈದಪ್ಪ ಒಂದು ಕ್ಷಣ ತಡೆದ. ಗೌಡ ಇನ್ನೊಮ್ಮೆ ಕೂಗಿದ. ಮೊದಲು ರುಮಾಲು ಬಿತ್ತು, ಆಮೇಲೆ ಧೋತರ. ನಿಂಬೆವ್ವ ಕೈಯಿಂದ ಮುಚ್ಚಿಕೊಳ್ಳಲಿಲ್ಲ. ಮೊಣಕಾಲು ಮುಟ್ಟದ ಅಂಗಿಯೊಂದರಲ್ಲಿ ನೆಟ್ಟಗೆ ನಿಂತು ಗೌಡನನ್ನೇ ನೋಡುತ್ತಿದ್ದಳು. ಕಟ್ಟೆಯ ಮೇಲಿನವರು ಕಣ್ತುಂಬ ನೋಡಿದರು. ನಮ್ಮ ಗಂಡಸರು ನೆಲ ನೋಡಿದರು.

"ನೋಡಿದ್ರ್ಯಾ? ಹೆಂಗಸು!" ಎಂದ ಗೌಡ. "ಬಾಳೀ, ತಗೋ ಸೈದಪ್ಪನ ಸೀರಿ."

ಬಾಳಮ್ಮ ಎದ್ದಳು. ಹಸಿರು ಸೀರೆ ಎತ್ತಿಕೊಂಡಳು. ಅದನ್ನು ತಾನು ಹೊದ್ದರೆ ನಿಂಬೆವ್ವ ಹಾಗೇ ಅರೆಬತ್ತಲೆ ಊರ ಕಣ್ಣಿಗೆ ನಿಲ್ಲಬೇಕು; ನಿಂಬೆವ್ವನಿಗೆ ಸುತ್ತಿದರೆ ಉಡಿಕೆ ಕೆಟ್ಟಿತು. ಸೀರೆಯ ಮಡಿಕೆ ಬಿಚ್ಚಿ ಹಿಡಿದುಕೊಂಡು ನಿಂತಳು. ಆಮೇಲೆ ಒಂದು ತುದಿಯನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು, ಉಳಿದದ್ದನ್ನು ನಿಂಬೆವ್ವನ ಸೊಂಟದ ಸುತ್ತ ತಂದು, ಮತ್ತೆ ತನ್ನ ಸೊಂಟಕ್ಕೆ ಸುತ್ತಿ, ಇಬ್ಬರನ್ನೂ ಸೇರಿಸಿ ಗಂಟು ಹಾಕಿದಳು. ಹುಲ್ಲಿನ ಹೊರೆ ಕಟ್ಟುವ ಗಂಟು.

"ಉಟ್ಟೇನ್ರಿ," ಎಂದಳು.

"ಬಿಡಸೋ ಸೈದ್ಯಾ!"

ಸೈದಪ್ಪ ಎಳೆದ. ಇಬ್ಬರೂ ಒಟ್ಟಿಗೆ ಬಂದರು, ಒಟ್ಟಿಗೆ ಬಿದ್ದರು. ಬಿದ್ದಲ್ಲೂ ಗಂಟು ಬಿಡಲಿಲ್ಲ. ಅವನು ಕೈ ಜಾಡಿಸಿ ಹಿಂದೆ ಸರಿದು ಅಳುವವನಂತೆ ನಿಂತ. ಗೌಡ ಕಟ್ಟೆಯ ಅಂಚಿನವರೆಗೆ ಬಂದು ನಿಂತುಬಿಟ್ಟ. ಇಳಿದರೆ ನಮ್ಮನ್ನು ಮುಟ್ಟಬೇಕು.

"ಏಳ್ರಿ ನಿಮ್ಮವ್ವನ!" ಎಂದು ನಮ್ಮ ಕಡೆ ತಿರುಗಿದ. "ನೀವ ಬಿಡಸ್ರಿ. ಬಿಡಸದಿದ್ರ ನಾಳಿಂದ ನನ್ನ ಹೊಲದಾಗ ಒಬ್ಬಾಕಿನೂ ಕಾಲಿಡಂಗಿಲ್ಲ!"

ಊರ ಸುತ್ತ ಕಣ್ಣು ಹೋದಷ್ಟು ದೂರ ಅವನದೇ ಹೊಲ. ಮನೆಯಲ್ಲಿ ಕಾಯುವ ಮಕ್ಕಳು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರೂ ಏಳಲೂ ಇಲ್ಲ.

ತುಳಜಾಬಾಯಿ ಎದ್ದಳು. ಮೊಣಕಾಲು ಹಿಡಿದುಕೊಂಡು ಅಂಗಳ ದಾಟಿದಳು. ಬಿದ್ದಿದ್ದ ಇಬ್ಬರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗಂಟಿನ ಮೇಲೆ ಎರಡೂ ಕೈ ಇಟ್ಟಳು. ಅವಳ ಬೆನ್ನು ನಮ್ಮ ಕಡೆಗಿತ್ತು. ಮೊಣಕೈ ಮಾತ್ರ ಅಲುಗುತ್ತಿದ್ದವು. ಬಿಚ್ಚುತ್ತಿದ್ದಾಳೋ, ಬಿಗಿಯುತ್ತಿದ್ದಾಳೋ, ಕುಳಿತಲ್ಲಿಂದ ನಮಗೆ ಕಾಣಲಿಲ್ಲ.